ಮಂಗಳೂರಲ್ಲಿ ಸಗನಾಕಿ ಎಲ್ಲಾದರೂ ಸಿಗುತ್ತದಾ? ಗ್ರೀಸಿನ ಹುರಿದ ಚೀಸ್ ಹುಡುಕುತ್ತಿದ್ದೇನೆ

ಉರ್ವದ ಮನೆ | ಜುಲೈ 6

ಎಲ್ಲರಿಗೂ ನಮಸ್ಕಾರ. ಊಟ ತಿಂಡಿಯ ವಿಷಯ ಚೆನ್ನಾಗಿ ಗೊತ್ತಿರುವವರು ಇಲ್ಲಿ ತುಂಬ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮವರದ್ದು ಹಡಗಿನ ಕೆಲಸ. ಎಂಜಿನ್ ರೂಮಿನಿಂದ ಕಚೇರಿ ಕೆಲಸಕ್ಕೆ ಬಂದ ಮೇಲೆ ನಾವು ಎಂಟು ವರ್ಷ ಗ್ರೀಸಿನ ಪಿರೇಯಸ್‌ನಲ್ಲಿ ಇದ್ದೆವು. ಅಥೆನ್ಸಿನ ಬಂದರು ಅದು. ಹೋದ ಡಿಸೆಂಬರಿನಲ್ಲಿ ಊರಿಗೆ ಬಂದೆವು. ಈಗ ಉರ್ವದಲ್ಲಿ ಅತ್ತೆಯ ಜೊತೆ ಇದ್ದೇವೆ. ಮಗನಿಗೆ ಒಂಬತ್ತು ವರ್ಷ. ಶಾಲೆ, ಸೆಖೆ, ಮಳೆ ಎಲ್ಲಕ್ಕೂ ಹೊಂದಿಕೊಂಡಿದ್ದಾನೆ. ನೀರುದೋಸೆ, ಬಂಗುಡೆ ಪುಳಿಮುಂಚಿ ಎಲ್ಲ ತಿನ್ನುತ್ತಾನೆ. ಆದರೆ ವಾರಕ್ಕೊಮ್ಮೆ ಕೇಳಿಯೇ ಕೇಳುತ್ತಾನೆ, "ಅಮ್ಮಾ, ಸಗನಾಕಿ ಯಾವಾಗ?" ನನಗೂ ಅದೇ ಆಸೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುರಿಹಾಲಿನ ಗಟ್ಟಿ ಚೀಸಿನ ಒಂದು ಹೋಳು, ಬೆರಳಿನಷ್ಟು ದಪ್ಪ. ಅದನ್ನು ನೀರಲ್ಲಿ ಅದ್ದಿ, ಮೈದಾದಲ್ಲಿ ಹೊರಳಿಸಿ, ಸಣ್ಣ ಬಾಣಲೆಯಲ್ಲಿ ಆಲಿವ್ ಎಣ್ಣೆ ಹಾಕಿ ಎರಡೂ ಬದಿ ಹುರಿಯುತ್ತಾರೆ. ಅಷ್ಟೇ. ಆ ಬಾಣಲೆಯನ್ನೇ ತಂದು ಮೇಜಿನ ಮೇಲೆ ಇಡುತ್ತಾರೆ. ಎಣ್ಣೆ ಇನ್ನೂ ಗುಳುಗುಳು ಅನ್ನುತ್ತಿರುತ್ತದೆ. ಅರ್ಧ ನಿಂಬೆ ಹಿಂಡಿದರೆ ಚುಂಯ್ ಅಂತ ಹೊಗೆ ಏಳುತ್ತದೆ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಉಪ್ಪುಪ್ಪು. ಬಿಸಿ ಇರುವಾಗಲೇ ತಿಂದು ಮುಗಿಸಬೇಕು. ತಣಿದರೆ ರಬ್ಬರಿನ ಹಾಗೆ ಆಗುತ್ತದೆ.

ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಹೋಟೆಲು ಇತ್ತು. ಅಲ್ಲಿ ತಾವೆರ್ನಾ ಅಂತಾರೆ. ಅಡುಗೆ ಮಾಡುತ್ತಿದ್ದದ್ದು ಒಬ್ಬರು ವಯಸ್ಸಾದ ಹೆಂಗಸು. ಮಗ ಅವರನ್ನು ಯಾಯಾ ಅಂತಲೇ ಕರೆಯುತ್ತಿದ್ದ, ಅಂದರೆ ಅಜ್ಜಿ. ಮೊದಲ ತುಂಡನ್ನು ಅವರೇ ಮುರಿದು, ಊದಿ, ಬ್ರೆಡ್ಡಿನ ಮೇಲೆ ಇಟ್ಟು ಅವನ ಕೈಗೆ ಕೊಡುತ್ತಿದ್ದರು. ನಾವು ಹೊರಡುವ ಹಿಂದಿನ ದಿನ ದುಡ್ಡೇ ತೆಗೆದುಕೊಳ್ಳಲಿಲ್ಲ.

ಇಲ್ಲಿಗೆ ಬಂದ ಮೇಲೆ ಎಷ್ಟೋ ಸಲ ಪ್ರಯತ್ನ ಮಾಡಿದೆ. ಪನ್ನೀರ್ ಹುರಿದೆ. ಗರಿ ಬಂತು, ರುಚಿ ಬರಲಿಲ್ಲ. ಪಿಜ್ಜಾದ ಮೊಜರೆಲ್ಲಾ ಹಾಕಿದೆ. ಕರಗಿ ಬಾಣಲೆಗೆ ಮೆತ್ತಿಕೊಂಡಿತು. ಫೆಟಾ ಪುಡಿಯಾಯಿತು. ಕ್ಯೂಬ್ ಚೀಸಿನ ಕತೆ ಹೇಳುವುದೇ ಬೇಡ. ಕದ್ರಿ, ಬೆಂದೂರ್, ಬಲ್ಮಠ ಕಡೆಯ ದೊಡ್ಡ ಅಂಗಡಿಗಳಲ್ಲೆಲ್ಲ ಕೇಳಿದೆ. "ಗ್ರೀಕ್ ಯೋಗರ್ಟ್ ಉಂಟು ಮೇಡಂ" ಅಂತಾರೆ. ಒಂದು ಹೋಟೆಲಿನ ಮೆನುವಿನಲ್ಲಿ ಗ್ರೀಕ್ ಫ್ರೈಡ್ ಚೀಸ್ ಅಂತ ಇತ್ತು. ಮಗ ಆಸೆಯಿಂದ ಕೂತ. ಬಂದದ್ದು ಬ್ರೆಡ್ ಪುಡಿ ಹಚ್ಚಿ ಕರಿದ ಉದ್ದುದ್ದ ತುಂಡುಗಳು, ಜೊತೆಗೆ ಮಯೋನೀಸ್. ಅವನು ಏನೂ ಹೇಳಲಿಲ್ಲ. ಒಂದು ತಿಂದು ತಟ್ಟೆ ನನ್ನ ಕಡೆ ಸರಿಸಿದ. ನನಗೆ ತುಂಬ ಬೇಜಾರಾಯಿತು.

ಮಂಗಳೂರು, ಉಡುಪಿಯಲ್ಲಿ ಎಲ್ಲಾದರೂ ಸಿಗುತ್ತದಾ? ಇಲ್ಲಾಂದ್ರೆ ಯಾವ ಚೀಸ್ ತಂದು ಮನೇಲಿ ಮಾಡಬಹುದು?

ಕದ್ರಿ ಕೆರೆ | ಜುಲೈ 6

ಅಕ್ಕ, ಓದುವಾಗಲೇ ಬಾಯಲ್ಲಿ ನೀರು ಬಂತು. ಈ ಹೆಸರನ್ನು ಮಂಗಳೂರಿನ ಯಾವ ಹೋಟೆಲಿನಲ್ಲೂ ನಾನು ನೋಡಿಲ್ಲ. ಪನ್ನೀರನ್ನು ಒಂದು ರಾತ್ರಿ ಉಪ್ಪುನೀರಲ್ಲಿ ಇಟ್ಟು ಹುರಿದು ನೋಡಿದ್ರಾ? ಪನ್ನೀರ್ ಘೀ ರೋಸ್ಟ್ ಮಾಡುವಾಗ ನಾನು ಹಾಗೇ ಮಾಡುವುದು. ಒಳಗಿನ ತನಕ ಉಪ್ಪು ಹಿಡಿಯುತ್ತದೆ.

ಬೆಂದೂರ್ ಬಾಯಿ | ಜುಲೈ 7

ನನ್ನ ತಂಗಿ ದುಬೈಯಲ್ಲಿ ಇದ್ದಾಳೆ. ಅಲ್ಲಿ ಹಲೂಮಿ ಅಂತ ಸೈಪ್ರಸ್ಸಿನ ಚೀಸ್ ಯಾವ ಸೂಪರ್ ಮಾರ್ಕೆಟ್ಟಿಗೆ ಹೋದರೂ ಸಿಗುತ್ತದೆ. ಕಾವಲಿಯ ಮೇಲೆ ಹಾಕಿದರೆ ಕರಗುವುದಿಲ್ಲ, ದೋಸೆಯ ಹಾಗೆ ಕೆಂಪಾಗುತ್ತದೆ. ಹಲ್ಲಿಗೆ ಸಿಕ್ಕಿದಾಗ ಕೀಚ್ ಕೀಚ್ ಅನ್ನುತ್ತದೆ. ಕ್ರಿಸ್ಮಸ್ಸಿಗೆ ಹೋಗಿದ್ದಾಗ ದಿನಾ ಬೆಳಿಗ್ಗೆ ಅದನ್ನೇ ತಿಂದೆ. ನಿಮ್ಮದು ಅದೇ ಇರಬಹುದಾ?

ಉರ್ವದ ಮನೆ | ಜುಲೈ 7

ಕದ್ರಿಯವರೇ, ಉಪ್ಪುನೀರಿನ ಪನ್ನೀರ್ ಮಾಡಿ ನೋಡುತ್ತೇನೆ.

ಬಾಯಿ, ಹಲೂಮಿಯನ್ನೂ ಹೀಗೇ ಹುರಿದು ಸಗನಾಕಿ ಅಂತ ಕೊಡುವುದುಂಟು. ಆದರೆ ಯಾಯಾ ಮಾಡುತ್ತಿದ್ದದ್ದು ಕೆಫಲೊತೀರಿಯಲ್ಲಿ. ಒಮ್ಮೊಮ್ಮೆ ಕೆಫಲೊಗ್ರವಿಯೆರಾ. ತೀರಿ ಅಂದರೆ ಅವರ ಭಾಷೆಯಲ್ಲಿ ಚೀಸ್. ಗ್ರವಿಯೆರಾ, ಕಸ್ಸೇರಿ ಹಾಕುವವರೂ ಇದ್ದಾರೆ. ಪರ್ನಾಸೋಸ್ ಬೆಟ್ಟದ ಅರಾಹೋವಾ ಅಂತ ಒಂದು ಊರು ಉಂಟು, ಅಲ್ಲಿ ಫೊರ್ಮಾಯೆಲಾ ಅಂತ ಅವರದ್ದೇ ಒಂದು ಚೀಸ್. ನಾವು ಚಳಿಗಾಲದಲ್ಲಿ ಹೋಗಿದ್ದಾಗ ಅದರ ಸಗನಾಕಿ ತಿಂದಿದ್ದೆವು. ಇಂಥದ್ದೇ ಚೀಸ್ ಅಂತ ಕಟ್ಟುನಿಟ್ಟಿಲ್ಲ. ಗಟ್ಟಿಯಾಗಿರಬೇಕು, ಉಪ್ಪಿರಬೇಕು, ಬಾಣಲೆಯಲ್ಲಿ ಹರಿದು ಹೋಗಬಾರದು.

ಹಾಲು ಮೊಸರು | ಜುಲೈ 7

ಉರ್ವದ ತಂಗಿ, ನಾನು 31 ವರ್ಷ ಡೈರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೀವು ಮಾಡಿ ನೋಡಿದ್ದರಲ್ಲೇ ಉತ್ತರ ಉಂಟು. ಸ್ವಲ್ಪ ಉದ್ದ ಬರೆಯುತ್ತೇನೆ.

ಪನ್ನೀರಿಗೆ ಹಾಲನ್ನು ಚೆನ್ನಾಗಿ ಕಾಯಿಸಿ ಹುಳಿ ಹಾಕಿ ಒಡೆಯುತ್ತೇವೆ. ಆ ಹುಳಿಗೆ ಹಾಲಿನ ಕ್ಯಾಲ್ಸಿಯಂ ತುಂಬಾ ಹೊರಗೆ ಹೋಗುತ್ತದೆ. ಹಾಲೊಡಕಿನ ಜೊತೆ ಹೋಗಬೇಕಾದ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಒಳಗೇ ಉಳಿಯುತ್ತದೆ. ಹಾಗಾಗಿ ಪನ್ನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ. ನಿಮಗೆ ಗರಿ ಬಂದದ್ದು ಅದಕ್ಕೇ. ಆದರೆ ಅದು ಇವತ್ತು ಮಾಡಿ ನಾಳೆ ತಿನ್ನುವ ವಸ್ತು. ಉಪ್ಪಿಲ್ಲ, ಮಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ನೀರು. ರುಚಿ ಎಲ್ಲಿಂದ ಬರಬೇಕು?

ಮೊಜರೆಲ್ಲಾದ ಹುಳಿಯನ್ನು ಸರಿಯಾಗಿ ಎಳೆ ಬರುವ ಹದಕ್ಕೇ ನಿಲ್ಲಿಸುತ್ತಾರೆ. ಬಿಸಿ ತಾಗಿದರೆ ಹರಿಯಲೇಬೇಕು. ಪಿಜ್ಜಾಕ್ಕೆ ಬೇಕಾದದ್ದು ಅದೇ ಅಲ್ವಾ? ಫೆಟಾ ಉಪ್ಪುನೀರಲ್ಲಿ ಮಾಗುವ ಹುಳಿ ಚೀಸ್, ಅದರ ಗುಣವೇ ಪುಡಿಯಾಗುವುದು. ಇನ್ನೊಂದು ವಿಷಯ. 2002ರಿಂದ ಯುರೋಪಿನಲ್ಲಿ ಗ್ರೀಸಿನದ್ದಕ್ಕೆ ಮಾತ್ರ ಫೆಟಾ ಅನ್ನುವ ಹೆಸರು. ಅದರಲ್ಲಿ ಕುರಿಹಾಲು ಕಡಿಮೆ ಅಂದರೂ ನೂರಕ್ಕೆ 70 ಇರಬೇಕು, ಉಳಿದದ್ದು ಆಡಿನ ಹಾಲು. ನಮ್ಮಲ್ಲಿ ಫೆಟಾ ಅಂತ ಸಿಗುವುದರಲ್ಲಿ ಹೆಚ್ಚಿನದ್ದು ದನದ ಹಾಲಿನದ್ದು. ರುಚಿಯಲ್ಲಿ ವ್ಯತ್ಯಾಸ ಬಂದೇ ಬರುತ್ತದೆ.

ನಿಮ್ಮ ಕೆಫಲೊತೀರಿ ಮೂರು ತಿಂಗಳಾದರೂ ಮಾಗಿದ ಚೀಸ್. ನೀರು ನೂರಕ್ಕೆ 40ಕ್ಕಿಂತ ಕಡಿಮೆ. ಅದು ಬೇಗ ಕರಗುವುದಿಲ್ಲ, ನಿಧಾನವಾಗಿ ಮೆತ್ತಗಾಗುತ್ತದೆ. ಅಷ್ಟರಲ್ಲಿ ಹೊರಗಿನ ಮೈದಾ ಗರಿಯಾಗಿ ಸುತ್ತ ಗೋಡೆ ಕಟ್ಟಿದ ಹಾಗೆ ಹಿಡಿದುಕೊಳ್ಳುತ್ತದೆ.

ಹಲೂಮಿಯ ದಾರಿ ಬೇರೆ. ರೆನೆಟ್ ಅಂತ ಹಾಲನ್ನು ಹೆಪ್ಪುಗಟ್ಟಿಸುವ ಒಂದು ಕಿಣ್ವ ಉಂಟು, ಅದನ್ನು ಹಾಕಿ ಗಟ್ಟಿ ಮಾಡಿ, ಹುಳಿ ಬರಲು ಬಿಡದೆ, ಅದೇ ಹಾಲೊಡಕಿನಲ್ಲಿ 90 ಡಿಗ್ರಿಯ ಮೇಲೆ ಬೇಯಿಸುತ್ತಾರೆ. ಹುಳಿ ಇಲ್ಲದ ಕಾರಣ ಕ್ಯಾಲ್ಸಿಯಂ ಒಳಗೇ ಉಳಿಯುತ್ತದೆ, ಪ್ರೋಟೀನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬಾಯಿ ಹೇಳಿದ ಕೀಚ್ ಕೀಚ್ ಬರುವುದು ಆ ಬಿಗಿಯಿಂದ.

ಕುರಿಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು 7. ದನದ ಹಾಲಿನಲ್ಲಿ ನಾಲ್ಕರ ಹತ್ತಿರ. ಬೆಟ್ಟ, ಒಣ ನೆಲ ಇರುವ ದೇಶಕ್ಕೆ ಕುರಿ ಸರಿ. ನಮ್ಮ ಕರಾವಳಿಯ ಮಳೆಗೆ ಕುರಿ ಸಾಕುವವರು ಇಲ್ಲವೆನ್ನುವಷ್ಟು ಕಡಿಮೆ. ಘಟ್ಟದ ಮೇಲೆ ಸಾಕುವುದೂ ಮಾಂಸಕ್ಕೆ, ಉಣ್ಣೆಗೆ. ಹಾಗಾಗಿ ಆ ಪರಿಮಳ ಇಲ್ಲಿನ ಹಾಲಿನಲ್ಲಿ ಬರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎಮ್ಮೆಹಾಲಿನ ಕೊಬ್ಬು ಕುರಿಹಾಲಿನ ಹತ್ತಿರ ಬರುತ್ತದೆ. ದನದ ಹಾಲಿಗೆ ಎಮ್ಮೆಹಾಲು ಸೇರಿಸಿ ಹಲೂಮಿ ಮಾಡಿದರೆ ಚೆನ್ನಾಗಿ ಬಂದೀತು.

ರಥಬೀದಿ | ಜುಲೈ 8

ನಮಸ್ಕಾರ ಹಾಲು ಮೊಸರು ಅವರಿಗೆ. ನಾನು ಉಡುಪಿಯವನು. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಮಗಳು ಟಿವಿಯಲ್ಲಿ ನೋಡಿ ಇಂಥ ಚೀಸ್ ಬೇಕು ಅಂತ ತುಂಬ ದಿನದಿಂದ ಕೇಳುತ್ತಿದ್ದಾಳೆ. ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆಯುವುದು ಅಂತ ಕೇಳಿದ್ದೇನೆ. ಇದು ಹೌದಾ? ಹೌದಾದರೆ ನಮಗೆ ಬೇರೆ ದಾರಿ ಇದೆಯಾ?

ಹಾಲು ಮೊಸರು | ಜುಲೈ 8

ಹೌದು. ಹಾಲು ಕುಡಿಯುವ ಕರುವಿನ ನಾಲ್ಕನೇ ಹೊಟ್ಟೆಯಿಂದ ತೆಗೆಯುವುದು ಹಳೆಯ ಕ್ರಮ. ಗ್ರೀಸಿನಲ್ಲಿ ಕುರಿಮರಿ, ಆಡಿನ ಮರಿಯದ್ದು ಬಳಸುತ್ತಾರೆ. ಹಾಗಾಗಿ ಅಲ್ಲಿಂದ ತಂದ ಚೀಸ್ ನಿಮಗೆ ಆಗಲಿಕ್ಕಿಲ್ಲ. ಆದರೆ ಶಿಲೀಂಧ್ರದಿಂದ ತಯಾರಿಸಿದ ರೆನೆಟ್ ಕೂಡ ಉಂಟು. ಮೈಕ್ರೋಬಿಯಲ್ ರೆನೆಟ್ ಅಂತ ಕೇಳಿ. ಮಾತ್ರೆ ರೂಪದಲ್ಲಿ, ದ್ರವ ರೂಪದಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ. ಪ್ರಾಚೀನ ಗ್ರೀಕರು ಅಂಜೂರದ ಮರದ ಹಾಲು ಹಾಕಿಯೂ ಹಾಲನ್ನು ಗಟ್ಟಿ ಮಾಡುತ್ತಿದ್ದರು. ಗಿಡದಿಂದ ಮಾಡುವ ಕ್ರಮ ಅವರಲ್ಲೂ ಇತ್ತು.

ರಥಬೀದಿ | ಜುಲೈ 8

ತುಂಬಾ ಉಪಕಾರವಾಯಿತು. ಇವತ್ತೇ ತರಿಸುತ್ತೇನೆ.

ಕೋಟೇಶ್ವರದವ | ಜುಲೈ 9

ನಾನು 11 ವರ್ಷ ಶಿಕಾಗೊದಲ್ಲಿ ಇದ್ದೆ. ನನಗೆ ಸಗನಾಕಿ ಅಂದರೆ ಬೆಂಕಿ! ಬಿಸಿ ಬಾಣಲೆಯನ್ನು ಮೇಜಿನ ಹತ್ತಿರ ತಂದು, ಬ್ರಾಂದಿ ಸುರಿದು, ಕಡ್ಡಿ ಗೀರುತ್ತಾರೆ. ಜ್ವಾಲೆ ಮುಖದೆತ್ತರಕ್ಕೆ ಏಳುತ್ತದೆ. ಸುತ್ತ ಇದ್ದವರೆಲ್ಲ "ಓಪಾ!" ಅಂತ ಕೂಗುತ್ತಾರೆ. ಆಮೇಲೆ ನಿಂಬೆ ಹಿಂಡಿ ಆರಿಸುತ್ತಾರೆ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಅವಳು ಹೆದರಿ ನನ್ನ ತೋಳು ಹಿಡಿದುಕೊಂಡದ್ದು ಇವತ್ತಿಗೂ ನೆನಪಿದೆ. ಉರ್ವದ ಅಕ್ಕ ಬೆಂಕಿಯ ವಿಷಯ ಬರೆಯಲೇ ಇಲ್ಲ. ಅದಿಲ್ಲದೆ ಸಗನಾಕಿ ಹೇಗೆ?

ಉರ್ವದ ಮನೆ | ಜುಲೈ 9

ಅಣ್ಣ, ಎಂಟು ವರ್ಷದಲ್ಲಿ ಪಿರೇಯಸ್‌ನಲ್ಲಿ ನಾನು ಒಮ್ಮೆಯೂ ಬೆಂಕಿ ಹಚ್ಚಿದ್ದು ನೋಡಿಲ್ಲ. ಅದು ಶಿಕಾಗೊದಲ್ಲೇ ಶುರುವಾದದ್ದು. ಅಲ್ಲಿನ ಗ್ರೀಕ್‌ಟೌನ್‌ನಲ್ಲಿ ಪಾರ್ಥೆನಾನ್ ಅಂತ ಹೋಟೆಲು ಇತ್ತು. 1968ರಲ್ಲಿ ತೆರೆದದ್ದು. ಬೆಂಕಿಯ ಪದ್ಧತಿ ಶುರು ಮಾಡಿದ್ದು ತಾವೇ ಅಂತ ಅವರು ಹೇಳಿಕೊಳ್ಳುತ್ತಿದ್ದರು. ಯಾಯಾನ ಹತ್ತಿರ ಒಮ್ಮೆ ಫೋನಿನಲ್ಲಿ ವಿಡಿಯೊ ತೋರಿಸಿದೆ. "ಅಷ್ಟು ಒಳ್ಳೆ ಗರಿಯನ್ನು ಯಾಕೆ ಒದ್ದೆ ಮಾಡುತ್ತಾರೆ?" ಅಂತ ಕೇಳಿದರು.

ಕೋಟೇಶ್ವರದವ | ಜುಲೈ 9

ಪಾರ್ಥೆನಾನ್! ನಾವು ಹೋಗಿದ್ದದ್ದು ಅಲ್ಲಿಗೇ. ಹಾಲ್‌ಸ್ಟೆಡ್ ಬೀದಿ. 2016ರಲ್ಲಿ ಮುಚ್ಚಿತು. ನಾವು ಆಗಲೇ ಊರಿಗೆ ಬಂದಾಗಿತ್ತು. ಸುದ್ದಿ ಓದಿ ಮನೆಯಲ್ಲಿ ಇಬ್ಬರೂ ಸುಮ್ನೆ ಕೂತಿದ್ದೆವು. ಯಾಯಾ ಹೇಳಿದ್ದು ಸರಿಯೇ ಇರಬಹುದು. ಆದರೆ ನನ್ನ ನೆನಪಿನಲ್ಲಿ ಬೆಂಕಿ ಉಂಟು, ಅದು ಹಾಗೇ ಇರಲಿ.

ಮಲ್ಪೆ ದಕ್ಕೆ | ಜುಲೈ 11

ನಾನು ಹಡಗಿನಲ್ಲಿ ಅಡುಗೆಯವನಾಗಿದ್ದೆ. ಗ್ರೀಕ್ ಮಾಲೀಕರ ಹಡಗುಗಳಲ್ಲಿ ತುಂಬಾ ವರ್ಷ. ಒಂದು ಮಾತು ಹೇಳಬೇಕು ಅನಿಸಿತು. ನೀವೆಲ್ಲ ಚೀಸ್ ಹುಡುಕುತ್ತಿದ್ದೀರಿ. ಆದರೆ ಸಗನಾಕಿ ಅನ್ನುವುದು ಚೀಸಿನ ಹೆಸರಲ್ಲ, ಬಾಣಲೆಯ ಹೆಸರು. ಸಗಾನಿ ಅಂದರೆ ಎರಡು ಕಿವಿಯ ಬಾಣಲೆ. ಅದು ತುರ್ಕಿ ಭಾಷೆಯ ಸಹಾನ್‌ನಿಂದ ಬಂದದ್ದು. ಕೊನೆಗೆ ಆಕಿ ಸೇರಿಸಿದರೆ ಚಿಕ್ಕದು ಅಂತ. ಅಂದರೆ ಮರಿಬಾಣಲೆ. ಹಲಸಿನ ಎಲೆಯ ಕೊಟ್ಟೆಯಿಂದ ಕೊಟ್ಟೆ ಕಡುಬು ಅಂತ ಹೆಸರು ಬಂದ ಹಾಗೆ.

ಆದ್ದರಿಂದ ಆ ಬಾಣಲೆಯಲ್ಲಿ ಮಾಡಿದ್ದೆಲ್ಲ ಸಗನಾಕಿ. ಸಿಗಡಿಯದ್ದು ಉಂಟು. ಬೆಳ್ಳುಳ್ಳಿ, ಟೊಮೆಟೊ, ಸ್ವಲ್ಪ ಖಾರ, ಅದರಲ್ಲಿ ಸಿಗಡಿ ಬೇಯಿಸಿ ಮೇಲೆ ಫೆಟಾ ಪುಡಿ ಮಾಡಿ ಹಾಕುತ್ತಾರೆ. ಥೆಸ್ಸಲೊನೀಕಿ ಕಡೆ ಪಚ್ಚಿಲೆಯದ್ದು ಮಾಡುತ್ತಾರೆ. ಅಂಗಡಿಯಲ್ಲಿ ಸಿಗುವ ಫೆಟಾ ಹುರಿಯಲು ಬಾರದಿದ್ದರೂ ಇದಕ್ಕೆ ಸಾಕು. ನಮ್ಮ ಕರಾವಳಿಯ ಕೈಗೆ ಇದು ಬೇಗ ಕೂರುತ್ತದೆ. ಈಗ ಜುಲೈ 31ರ ತನಕ ಟ್ರಾಲ್ ಬೋಟ್ ಬಂದ್, ನಾಡದೋಣಿಯವರು ತಂದದ್ದು ಮಾತ್ರ. ಆಗಸ್ಟಿನಲ್ಲಿ ಬೋಟ್ ಇಳಿದ ಮೇಲೆ ಒಳ್ಳೆ ಸಿಗಡಿ ಬರುತ್ತದೆ.

ಹಾಗೆ ನೋಡಿದರೆ ಗ್ರೀಕರಿಗೂ ನಮ್ಮ ಕಡೆಗೂ ನಂಟು ಹಳೆಯದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಕತೆ ಇದೆ. ಅವಳ ಕಡೆಯವರು ಇಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅದರಲ್ಲಿ ರಾಜನ ಕಡೆಯವರು ಆಡುವ ಮಾತು ಹಳೆಯ ಕನ್ನಡ ಅಂತ ಕೆಲವು ವಿದ್ವಾಂಸರು ವಾದಿಸಿದ್ದರು, ನಡೆದ ಜಾಗ ನಮ್ಮ ಮಲ್ಪೆ ಅಂತ ಹೇಳಿದವರೂ ಇದ್ದಾರೆ. ಒಪ್ಪದವರೂ ಇದ್ದಾರೆ. ನನಗಂತೂ ನಮ್ಮ ದಕ್ಕೆಯಲ್ಲಿ ನಿಂತಾಗ ಅದು ನೆನಪಾಗುತ್ತದೆ.

ಕಾಪು ಲೈಟ್‌ಹೌಸ್ | ಜುಲೈ 11

ಮೀನಿನ ಜೊತೆ ಹಾಲಿನ ಪದಾರ್ಥ ತಿನ್ನಬಾರದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಸಿಗಡಿಗೆ ಚೀಸ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳಿಗೆ ಕೊಡುವಾಗ ನೋಡಿಕೊಳ್ಳಿ.

ಉರ್ವದ ಮನೆ | ಜುಲೈ 12

ನಮ್ಮ ಅತ್ತೆಯೂ ಇದೇ ಹೇಳುತ್ತಾರೆ, ಅವರ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಅಲ್ಲಿ ಎಲ್ಲರೂ ತಿನ್ನುತ್ತಿದ್ದರು, ನಾವೂ ಎಷ್ಟೋ ಸಲ ತಿಂದಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಆದರೆ ಅತ್ತೆಗೆ ಬೇಡ ಅಂದಮೇಲೆ ಅವರಿಗೆ ಸಿಗಡಿಯನ್ನು ನಮ್ಮ ಊರಿನ ಕ್ರಮದಲ್ಲೇ ಬೇರೆ ಮಾಡಿ ಕೊಡುತ್ತೇನೆ.

ಮಲ್ಪೆಯಣ್ಣ, ಬಾಣಲೆಯ ವಿಷಯ ಓದಿ ಅಡುಗೆಮನೆಗೆ ಹೋಗಿ ನೋಡಿದೆ. ಅತ್ತೆ ಒಗ್ಗರಣೆಗೆ ಇಟ್ಟುಕೊಂಡ ಕಬ್ಬಿಣದ ಸಣ್ಣ ಬಾಣಲೆ ಉಂಟು. ಎರಡು ಕಿವಿ. ತಳ ಸ್ವಲ್ಪ ಚಪ್ಪಟೆ. ನಾನು ಇಷ್ಟು ದಿನ ದೊಡ್ಡ ನಾನ್‌ಸ್ಟಿಕ್ಕಿನಲ್ಲಿ ಮಾಡುತ್ತಿದ್ದೆ.

ಉರ್ವದ ಮನೆ | ಜುಲೈ 19

ಒಂದು ಬೇಸರದ ಸುದ್ದಿ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಹಲೂಮಿ ಹುಡುಕಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ರಾತ್ರಿ ಬಸ್ಸಿಗೆ ಕೊಟ್ಟಿದ್ದ. ಬೆಳಿಗ್ಗೆ ಆರಕ್ಕೆ ಬರಬೇಕಿತ್ತು. ಶಿರಾಡಿಯಲ್ಲಿ ಮಣ್ಣು ಕುಸಿದು ಬಸ್ಸು ನಿಂತಿತು. ಆಮೇಲೆ ಬೇರೆ ದಾರಿಯಲ್ಲಿ ಸುತ್ತಿಕೊಂಡು ಬಂತು. ಪೆಟ್ಟಿಗೆ ಕೈಗೆ ಸಿಕ್ಕಿದ್ದು ಮರುದಿನ ಸಂಜೆ. ಐಸ್ ಪೂರ್ತಿ ನೀರಾಗಿತ್ತು. ಒಂದು ಪ್ಯಾಕೆಟ್ ಬಲೂನಿನ ಹಾಗೆ ಊದಿಕೊಂಡಿತ್ತು. ಇನ್ನೊಂದನ್ನು ತೆರೆದರೆ ಹುಳಿ ವಾಸನೆ. ಮಗ ಬಾಗಿಲಲ್ಲೇ ನಿಂತು ಕಾಯುತ್ತಿದ್ದ. ಎರಡನ್ನೂ ಬಿಸಾಡಬೇಕಾಯಿತು. ತಮ್ಮನಿಗೆ ಇನ್ನೂ ಹೇಳಿಲ್ಲ. ಅವನು ಊರೆಲ್ಲ ಸುತ್ತಿ ತಂದದ್ದು.

ಕದ್ರಿ ಕೆರೆ | ಜುಲೈ 19

ಅಯ್ಯೋ ಅಕ್ಕ. ಈ ಮಳೆಗಾಲದಲ್ಲಿ ಘಟ್ಟ ನಂಬಿ ಕೂತರೆ ಆಗುವುದಿಲ್ಲ.

ಹಾಲು ಮೊಸರು | ಜುಲೈ 20

ತಂಗಿ, ಇನ್ನು ಕಾಯಬೇಡಿ. ಮನೆಯಲ್ಲೇ ಮಾಡಿ. ಒಂದು ದಿನದ ಕೆಲಸ.

ನಾಲ್ಕು ಲೀಟರ್ ಹಾಲು ಬೇಕು. ಮೂರು ದನದ್ದು, ಒಂದು ಎಮ್ಮೆಯದ್ದು ಆದರೆ ಒಳ್ಳೆಯದು. ಹತ್ತಿರದಲ್ಲಿ ದನ ಸಾಕುವವರಿದ್ದರೆ ಅವರಿಂದ ತನ್ನಿ. ಮನೆಗೆ ತಂದು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತಣಿಸಿ. ಕುದಿಸಿದ ಹಾಲು, ತಿಂಗಳುಗಟ್ಟಲೆ ಇಡುವ ಟೆಟ್ರಾ ಪ್ಯಾಕ್ ಹಾಲು ಬೇಡವೇ ಬೇಡ, ಗಟ್ಟಿಯಾಗುವುದಿಲ್ಲ.

ಹಾಲು 33 ಡಿಗ್ರಿ ಇರುವಾಗ ರೆನೆಟ್ ಹಾಕಿ. ಬೆರಳು ಅದ್ದಿದರೆ ಬಿಸಿಯೂ ಇಲ್ಲ, ತಂಪೂ ಇಲ್ಲ ಅನ್ನಬೇಕು. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಮುಟ್ಟಬೇಡಿ. ಗಟ್ಟಿ ಮೊಸರಿನಂತೆ ಆಗುತ್ತದೆ. ಚೂರಿ ಹಾಕಿ ಎತ್ತಿದರೆ ಸೀಳು ಸ್ವಚ್ಛವಾಗಿ ಬಿಡಬೇಕು, ಸಂದಿಯಲ್ಲಿ ತಿಳಿ ಹಸಿರು ನೀರು ಕಾಣಬೇಕು. ಆಮೇಲೆ ಸಣ್ಣ ಚೌಕ ಕತ್ತರಿಸಿ, ಸಣ್ಣ ಉರಿಯಲ್ಲಿ 40 ಡಿಗ್ರಿಗೆ ತನ್ನಿ. ಮೆಲ್ಲಗೆ ಕೈಯಾಡಿಸುತ್ತಾ ಇರಿ. ಬಟ್ಟೆಯಲ್ಲಿ ಸೋಸಿ, ಮೇಲೆ ಭಾರ ಇಟ್ಟು ಒಂದು ಗಂಟೆ ಬಿಡಿ. ರುಬ್ಬುವ ಗುಂಡುಕಲ್ಲು ಇದ್ದರೆ ಸಾಕು.

ಸೋಸಿದ ನೀರನ್ನು ಚೆಲ್ಲಬೇಡಿ! ಅದನ್ನೇ 90 ಡಿಗ್ರಿಗೆ ಕಾಯಿಸಿ, ಒತ್ತಿದ ಗಟ್ಟಿಯನ್ನು ಹೋಳು ಮಾಡಿ ಅದರಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಯಿಸಿ. ಬೆಂದ ಹೋಳು ಮೇಲೆ ತೇಲುತ್ತದೆ. ತೆಗೆದು ಉಪ್ಪು, ಪುದೀನ ಸವರಿ ಮಡಚಿ. ತಣಿದ ಮೇಲೆ ಅದೇ ನೀರಿಗೆ ಲೀಟರಿಗೆ ನೂರು ಗ್ರಾಂ ಉಪ್ಪು ಹಾಕಿ, ಕುದಿಸಿ ಆರಿಸಿ, ಅದರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ ಇಡಿ. ಅರ್ಧ ಕಿಲೋದಷ್ಟು ಬರುತ್ತದೆ. ಮೊದಲ ದಿನ ಸಪ್ಪೆ ಅನ್ನಿಸುತ್ತದೆ. ಎರಡು ವಾರ ಬಿಟ್ಟು ಹುರಿಯಿರಿ.

ಬೆಂದೂರ್ ಬಾಯಿ | ಜುಲೈ 20

ಎರಡು ವಾರ ಆ ಹುಡುಗ ಹೇಗೆ ಕಾಯುತ್ತಾನೋ ಪಾಪ. ಮಲ್ಪೆಯವರು ಹೇಳಿದ ಹಾಗೆ ನಾನು ಫೆಟಾ ತಂದು ಟೊಮೆಟೊ ಜೊತೆ ಮಾಡಿದೆ. ನಾನು ಸಿಗಡಿ ಹಾಕಲಿಲ್ಲ, ಹಸಿಮೆಣಸು ಜಾಸ್ತಿ ಹಾಕಿದೆ. ಗಟ್ಟಿ ಪಾವ್ ಜೊತೆ ಎಷ್ಟು ಚೆನ್ನಾಗಿತ್ತು ಗೊತ್ತಾ! ಮನೆಯವರು ಬಾಣಲೆಯನ್ನು ಪಾವಿನಿಂದಲೇ ಒರೆಸಿದರು.

ಉರ್ವದ ಮನೆ | ಜುಲೈ 20

ಬಾಯಿ, ನೀವು ಮಾಡಿದ್ದಕ್ಕೆ ಅಲ್ಲಿ ಹೆಸರೇ ಉಂಟು. ಬುಯುರ್ದಿ! ಥೆಸ್ಸಲೊನೀಕಿಯದ್ದು. ಫೆಟಾ, ಟೊಮೆಟೊ, ಖಾರದ ಮೆಣಸು ಹಾಕಿ ಮಣ್ಣಿನ ಪಾತ್ರೆಯಲ್ಲಿ ಒಲೆಯೊಳಗೆ ಇಟ್ಟು ಬೇಯಿಸುತ್ತಾರೆ.

ಉರ್ವದ ಮನೆ | ಆಗಸ್ಟ್ 9

ಬರೆಯಲು ತಡವಾಯಿತು. ಎಲ್ಲ ಹೇಳುತ್ತೇನೆ.

ಹಾಲು ಅಶೋಕನಗರದ ಹತ್ತಿರ ದನ ಸಾಕಿರುವ ಒಬ್ಬರಿಂದ ತಂದೆ. ಎಮ್ಮೆಹಾಲು ಸಿಗಲಿಲ್ಲ. ಮೊದಲ ಸಲ ರೆನೆಟ್ ಹಾಕುವಾಗ ಬಿಸಿ ಜಾಸ್ತಿಯಾಗಿ ಗಟ್ಟಿಯಾಗಲೇ ಇಲ್ಲ. ಅದನ್ನು ಪನ್ನೀರ್ ಮಾಡಿಬಿಟ್ಟೆ. ಎರಡನೇ ಸಲ ಥರ್ಮಾಮೀಟರ್ ನೋಡಿಕೊಂಡೇ ಮಾಡಿದೆ. ಚೂರಿ ಹಾಕಿ ಎತ್ತಿದಾಗ ಸೀಳು ಕನ್ನಡಿಯ ಹಾಗೆ ಬಿಟ್ಟಿತು. ಅತ್ತೆ ಹತ್ತಿರ ಬಂದು ನೋಡಿ, "ಗಿಣ್ಣಿನ ಹಾಗೆ ಉಂಟಲ್ಲ" ಅಂದರು. ಆಮೇಲೆ ಅವರೇ ಕೂತು ಬಟ್ಟೆ ಕಟ್ಟಿ ಕಲ್ಲು ಹೇರಿದರು. ಹೋಳುಗಳು ಬೆಂದು ಒಂದೊಂದಾಗಿ ಮೇಲೆ ಬಂದದ್ದನ್ನು ಮಗ ಎಣಿಸಿದ. ಒಟ್ಟು ಆರು.

ಹದಿನೈದು ದಿನ ಡಬ್ಬಿ ಫ್ರಿಜ್ಜಿನಲ್ಲಿ ಇತ್ತು. ನಿನ್ನೆ ಶನಿವಾರ ರಾತ್ರಿ ಎರಡು ಹೋಳು ತೆಗೆದೆ. ತುದಿ ಕಚ್ಚಿ ನೋಡಿದರೆ ಉಪ್ಪು ಜಾಸ್ತಿ ಇತ್ತು. ಅರ್ಧ ಗಂಟೆ ತಣ್ಣೀರಲ್ಲಿ ಇಟ್ಟೆ. ಮೈದಾದಲ್ಲಿ ಹೊರಳಿಸಿ, ಜಾಸ್ತಿ ಆದದ್ದನ್ನು ಕೊಡವಿದೆ. ಅತ್ತೆಯ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಹಾಕಿದೆ. ನನಗೆ ತಾಳ್ಮೆ ಇಲ್ಲ, ಸಟ್ಟುಗ ಹಿಡಿದು ಕೆಳಗೆ ತೂರಿಸಲು ಹೋದೆ. ಅತ್ತೆ ಕೈ ಹಿಡಿದರು. "ಅಂಜಲ್ ಹುರಿಯುವಾಗ ಹೀಗೆ ಕೆದಕುತ್ತೀಯಾ? ಬಿಡು. ಆದ ಮೇಲೆ ಅದೇ ಬಾಣಲೆ ಬಿಡುತ್ತದೆ." ಅವರು ಹೇಳಿದ ಹಾಗೇ ಆಯಿತು. ಎರಡು ನಿಮಿಷಕ್ಕೆ ಅಂಚು ಕೆಂಪಾಯಿತು, ಬಾಣಲೆ ಅಲ್ಲಾಡಿಸಿದರೆ ಹೋಳು ತಾನಾಗಿ ಜಾರಿತು. ಒಮ್ಮೆ ಮಾತ್ರ ಮಗುಚಿದೆ. ನನ್ನ ಹಿಂದಿನ ಪ್ರಯತ್ನಗಳಲ್ಲಿ ಗರಿ ಕಿತ್ತು ಹೋಗುತ್ತಿದ್ದದ್ದು ನನ್ನ ಕೈಯಿಂದಲೇ ಅಂತ ಆಗ ಗೊತ್ತಾಯಿತು.

ಬಾಣಲೆಯನ್ನು ಹಾಗೇ ಮರದ ಹಲಗೆಯ ಮೇಲೆ ಇಟ್ಟೆ. ಮಗ ನಿಂಬೆ ಹಿಂಡಿದ. ಆ ಶಬ್ದ ಬಂತು! ಎಂಟು ತಿಂಗಳ ಮೇಲೆ ಕೇಳಿದೆ. ಅವನು ತಿಂದು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ, "ಯಾಯಾನದ್ದಲ್ಲ. ಆದರೆ ಸಗನಾಕಿಯೇ." ಅವನು ಹೇಳಿದ್ದು ಸರಿ. ಆ ಕುರಿಹಾಲಿನ ಘಾಟು ಇದರಲ್ಲಿ ಇಲ್ಲ. ಹಲ್ಲಿಗೆ ಕೀಚ್ ಅನ್ನುತ್ತದೆ, ಯಾಯಾನದ್ದು ಹಾಗಲ್ಲ, ಬೆಣ್ಣೆಯಂತೆ ಬಿಡುತ್ತಿತ್ತು. ಆದರೆ ಗರಿ ಅದೇ, ಉಪ್ಪು ಅದೇ, ನಿಂಬೆ ಬೆರೆತ ಎಣ್ಣೆಯನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನುವ ಖುಷಿ ಅದೇ.

ಅತ್ತೆಗೆ ರಾತ್ರಿ ಗಂಜಿಯೇ ಆಗಬೇಕು. ಅವರು ಒಂದು ತುಂಡು ತೆಗೆದು ಕುಚ್ಚಿಲಕ್ಕಿ ಗಂಜಿಯ ಬಟ್ಟಲಿನ ಅಂಚಿಗೆ ಇಟ್ಟುಕೊಂಡರು, ಒಣಮೀನು ಇಟ್ಟುಕೊಳ್ಳುವ ಹಾಗೆ. ಒಂದು ಚಮಚ ಗಂಜಿ, ಒಂದು ಚೂರು ಚೀಸ್. "ಗಂಜಿಗೆ ಲಾಯಕ್ ಉಂಟು ಮಾರಾಯ್ತಿ" ಅಂದರು. ಮಗ ನೋಡಿದ. ಬ್ರೆಡ್ ಬಿಟ್ಟು ಅವನೂ ಗಂಜಿ ಹಾಕಿಸಿಕೊಂಡ. ನಾನೂ ತಿಂದೆ. ಬಿಸಿ ಗಂಜಿಗೆ ಅದು ನಿಜಕ್ಕೂ ಚೆನ್ನಾಗಿರುತ್ತದೆ.

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಹಾಲು ಮೊಸರು ಅಣ್ಣ, ನಿಮಗೆ ಒಂದು ಹೋಳು ತೆಗೆದಿಟ್ಟಿದ್ದೇನೆ.

ಹಾಲು ಮೊಸರು | ಆಗಸ್ಟ್ 9

ಓದಿ ತುಂಬಾ ಸಂತೋಷವಾಯಿತು. ಮುಂದಿನ ಸಲ ಒಂದು ಹೋಳನ್ನು ನಲವತ್ತು ದಿನ ಬಿಟ್ಟು ನೋಡಿ. ಇನ್ನೂ ಗಟ್ಟಿಯಾಗಿ ಉಪ್ಪು ಏರುತ್ತದೆ, ರುಚಿ ನಿಮಗೆ ಬೇಕಾದ ಕಡೆಗೆ ಹೋಗುತ್ತದೆ. ಎಮ್ಮೆಹಾಲು ನಾನು ಕೊಡಿಸುತ್ತೇನೆ.

ಕೋಟೇಶ್ವರದವ | ಆಗಸ್ಟ್ 9

ಹೆಂಡತಿಗೆ ಓದಿ ಹೇಳಿದೆ. ನಾಳೆಯೇ ಹಾಲಿಗೆ ಹೇಳಿ ಅಂತಿದ್ದಾಳೆ. ನಮ್ಮ ಮನೆಯಲ್ಲಿ ಬೆಂಕಿಯೂ ಇರುತ್ತದೆ, ಆದರೆ ಅಂಗಳದಲ್ಲಿ.

ಮಲ್ಪೆ ದಕ್ಕೆ | ಆಗಸ್ಟ್ 10

ಬೋಟ್ ಇಳಿದಿವೆ. ಸಿಗಡಿ ಬರಲು ಶುರುವಾಗಿದೆ. ಉರ್ವದವರು ಈ ಭಾನುವಾರ ಬರುವುದಾದರೆ ಬೆಳಿಗ್ಗೆ ಏಳರ ಒಳಗೆ ಬನ್ನಿ, ಒಳ್ಳೆಯದು ತೆಗೆಸಿಡುತ್ತೇನೆ. ಮಗನನ್ನೂ ಕರೆತನ್ನಿ.

ರಥಬೀದಿ | ಆಗಸ್ಟ್ 10

ನಮ್ಮದು ಈಗ ಹಾಲೊಡಕಿನಲ್ಲಿ ಬೇಯುತ್ತಾ ಇದೆ. ಮಗಳು ಒಲೆಯ ಹತ್ತಿರದಿಂದ ಅಲುಗಾಡುತ್ತಿಲ್ಲ. ಒಂದು ಸಣ್ಣ ಪ್ರಶ್ನೆ. ಪುದೀನ ಹಸಿಯದ್ದಾ, ಒಣಗಿದ್ದಾ?

ಹಾಲು ಮೊಸರು | ಆಗಸ್ಟ್ 10

ಒಣಗಿದ್ದು. ಕೈಯಲ್ಲಿ ಉಜ್ಜಿ ಹಾಕಿ.